ಸ್ಟಿಂಗ್ ಹೆಸ್ರು ಮೊದ್ಲು, ಬ್ಯಾಂಡ್ ಹೆಸ್ರು ಆಮೇಲೆ: ಹಾಸ್ಟೆಲ್ ಗ್ರೂಪಿನ ಜಗಳ

ಶೆಟ್ರು: ಲಿಂಕ್ ಹಾಕಿದ್ದೇನೆ ನೋಡಿ, ದಿ ವೆರಿ ಬೆಸ್ಟ್ ಆಫ್ ಸ್ಟಿಂಗ್ ಆ್ಯಂಡ್ ದಿ ಪೊಲೀಸ್. ಸ್ಟಿಂಗ್ ಸೋಲೋ ಹಾಡಿದ್ದು, ಅವ ಮೊದ್ಲು ಇದ್ದ ಪೊಲೀಸ್ ಬ್ಯಾಂಡಿಂದು, ಹಾಸ್ಟೆಲಲ್ಲಿ ಕೇಳ್ತಿದ್ದದ್ದೆಲ್ಲ ಒಂದೇ ಕಡೆ ಉಂಟು ಮಾರಾಯ್ರೆ. ಶಿರಾಡಿ ಘಾಟಿ ಪೂರ್ತಿ ಇದನ್ನೇ ಹಾಕಿಕೊಂಡು ಹೋದೆ, ಒಂದು ಹಾಡೂ ಸ್ಕಿಪ್ ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ.

ಹುಬ್ಳಿ: ಮಸ್ತ್ ಐತಿ ಶೆಟ್ರ. ಫೀಲ್ಡ್ಸ್ ಆಫ್ ಗೋಲ್ಡ್ ಬಂತಂದ್ರ ನಾ ಗಾಡಿ ಸೈಡಿಗೆ ಹಚ್ಚಿ ಕೇಳಾಂವ.

ಗುಂಡ: ಹಾಡುಗಳ ಬಗ್ಗೆ ನಂದೇನೂ ತಕರಾರಿಲ್ಲ ಶೆಟ್ರೆ, ಆದ್ರೆ ಈ ಆಲ್ಬಂ ಕಂಡ್ರೆ ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. 1997ರಲ್ಲಿ ಬಂದಿದ್ದು ಇದು. ಅಷ್ಟೊತ್ತಿಗೆ ಪೊಲೀಸ್ ಹಾಡುಗಳದ್ದೇ ಬೇರೆ ಕಲೆಕ್ಷನ್ 1986ರಲ್ಲೇ ಬಂದಿತ್ತು, ಸ್ಟಿಂಗ್ ಸೋಲೋ ಹಾಡುಗಳದ್ದು 1994ರಲ್ಲಿ ಬೇರೆ ಬಂದಿತ್ತು. ಎರಡೂ ಅಂಗಡೀಲಿ ಸಿಗ್ತಿದ್ವು. ಹಾಗಿದ್ಮೇಲೆ ಎರಡನ್ನೂ ಕಲಸಿ, ವರ್ಷದ ಲೆಕ್ಕ ತೆಗೆದುಹಾಕಿ, 1979ರ ಮೆಸೇಜ್ ಇನ್ ಎ ಬಾಟಲ್ ಇರೋ ಸಾಲಲ್ಲೇ 1987ರ ಇಂಗ್ಲಿಷ್‌ಮನ್ ಇನ್ ನ್ಯೂಯಾರ್ಕ್ ಕೂರ್ಸಿ, ಮೇಲೆ ಸ್ಟಿಂಗ್ ಹೆಸ್ರು ಮೊದ್ಲು ಬರೆಯೋ ಅಗತ್ಯ ಏನಿತ್ತು? 2002ರಲ್ಲಿ ಸ್ಟಿಂಗ್ ಆಮೇಲೆ ಹಾಡಿದ ಡೆಸರ್ಟ್ ರೋಸ್ ಎಲ್ಲ ಸೇರಿಸಿ ಮತ್ತೆ ಬಿಟ್ರು. ಬ್ಯಾಂಡ್ 1983ಕ್ಕೆ ಕೊನೇ ಆಲ್ಬಂ ಮಾಡಿ ಆಗಿತ್ತು, ಅವ್ರ ಕಡೆಯಿಂದ ಹೊಸದು ಬರಲ್ಲ, ಸ್ಟಿಂಗ್‌ದು ಬರ್ತಾನೇ ಇರುತ್ತೆ. ಹೀಗೇ ಸೇರಿಸ್ತಾ ಹೋದ್ರೆ ಕೇಳೋರಿಗೆ ಪೊಲೀಸ್ ಅನ್ನೋದು ಸ್ಟಿಂಗ್ ಚಿಕ್ಕವನಿದ್ದಾಗ ಇಟ್ಕೊಂಡಿದ್ದ ಒಂದು ಗುಂಪು ಅನ್ನಿಸ್ಬಿಡುತ್ತೆ.

ಹುಬ್ಳಿ: ಹಂಗಂದ್ರ ಹೆಂಗಲೇ ಗುಂಡ? ಹಾಡು ಬರದಾಂವ ಅವ, ಹಾಡಿದಾಂವ ಅವ, ಬೇಸ್ ಗಿಟಾರ್ ಬಾರಿಸಿದಾಂವನೂ ಅವನ. ಹೆಸರು ಮೊದ್ಲ ಬಂದ್ರ ತಪ್ಪೇನೈತಿ?

ಶೆಟ್ರು: ಅದೇ. ಹಿಟ್ ಆದ ಹಾಡೆಲ್ಲ ಬರೆದದ್ದು ಅವನೇ ಅಲ್ವಾ? ಸ್ವರವೂ ಒಂದೇ. ಕೇಳುವವನಿಗೆ ಯಾವುದು ಬ್ಯಾಂಡಿಂದು ಯಾವುದು ಸೋಲೋ ಅಂತ ಲೆಕ್ಕ ಯಾಕೆ ಬೇಕು ಮಾರಾಯ.

ಗುಂಡ: ಸ್ವರ ಒಂದೇ ಸರಿ, ಹಾಡು ಒಂದೇನಾ? ವಾಕಿಂಗ್ ಆನ್ ದಿ ಮೂನ್ ಈಗ್ಲೇ ಹೆಡ್‌ಫೋನಲ್ಲಿ ಹಾಕ್ಕೊಂಡು ಕೇಳಿ. ಬೇಸ್ ಕೆಲವೇ ನೋಟ್ ನುಡಿಸಿ ಸುಮ್ನಾಗುತ್ತೆ, ಆ್ಯಂಡಿ ಸಮ್ಮರ್ಸ್ ಗಿಟಾರಲ್ಲಿ ಒಂದು ಕಾರ್ಡ್, ಅಂದ್ರೆ ಕೆಲವು ಸ್ವರ ಒಟ್ಟಿಗೆ, ಮೀಟಿ ಅದನ್ನ ತೇಲೋಕೆ ಬಿಡ್ತಾನೆ, ಆ ಖಾಲಿ ಜಾಗದಲ್ಲಿ ಡ್ರಮ್ಮರ್ ಸ್ಟೀವರ್ಟ್ ಕೋಪ್‌ಲ್ಯಾಂಡ್ ಹೈ-ಹ್ಯಾಟ್ ಅನ್ನೋ ಜೋಡಿ ತಾಳದ ಮೇಲೆ ಸಣ್ಣಸಣ್ಣದಾಗಿ ಏನೇನೋ ಮಾಡ್ತಾ ಇರ್ತಾನೆ, ಅದು ಎಕೋದಲ್ಲಿ ವಾಪಸ್ ಬರುತ್ತೆ, ಅವ್ನು ಆ ಎಕೋಗೂ ಉತ್ತರ ಕೊಡ್ತಾನೆ. ಮೂರು ಜನ ಒಬ್ರಿಗೊಬ್ರು ಜಾಗ ಬಿಟ್ಕೊಟ್ಟು ಕಟ್ಟಿರೋ ಹಾಡು ಅದು. ಈಗ ಇಂಗ್ಲಿಷ್‌ಮನ್ ಕೇಳಿ. ಅಲ್ಲಿ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಸ್ಯಾಕ್ಸೊಫೋನ್, ಮನು ಕಾಚೆ ಡ್ರಮ್ಸ್, ಎಲ್ಲಾ ದೊಡ್ಡ ಕಲಾವಿದ್ರೇ, ಹಾಡೂ ಚೆನ್ನಾಗಿದೆ, ಆದ್ರೆ ಅಲ್ಲಿ ಎಲ್ರೂ ಹಾಡುಗಾರನಿಗೆ ಪಕ್ಕವಾದ್ಯ. ಪೊಲೀಸ್ ಹಾಡಲ್ಲಿ ಪಕ್ಕವಾದ್ಯ ಅಂತ ಯಾರೂ ಇಲ್ಲ. ಇಷ್ಟು ದೊಡ್ಡ ವ್ಯತ್ಯಾಸ ಇರೋದನ್ನ ಒಂದೇ ಬಾಕ್ಸಲ್ಲಿ ಹಾಕಿದ್ರೆ ಅಳಿಸಿಹೋಗೋದು ಯಾರ ಕೆಲಸ? ಸ್ಟಿಂಗ್‌ದಂತೂ ಅಲ್ಲ.

ಮೇಷ್ಟ್ರು: ಬ್ಯಾಂಡ್ ಶುರು ಮಾಡಿದ್ದು ಕೋಪ್‌ಲ್ಯಾಂಡ್ ಅಲ್ವೇನೋ?

ಗುಂಡ: ಹೌದು ಮೇಷ್ಟ್ರೆ, 1977ರಲ್ಲಿ ಲಂಡನ್ನಲ್ಲಿ. ನ್ಯೂಕಾಸಲ್‌ನಲ್ಲಿ ಸ್ಟಿಂಗ್ ಬೇರೆ ಗುಂಪಲ್ಲಿ ಹಾಡ್ತಿದ್ದಿದ್ದನ್ನ ನೋಡಿ ಕರೆಸ್ಕೊಂಡವ್ನು ಅವ್ನೇ. ಮೊದಲ ಸಿಂಗಲ್ ಬರೆದವ್ನೂ ಅವ್ನೇ.

ಶೆಟ್ರು: ಶುರು ಮಾಡಿದವ ಅವ ಇರಬಹುದು, ಓಡಿಸಿದವ ಯಾರು? ನೀನು ಎವ್ರಿ ಲಿಟಲ್ ಥಿಂಗ್ ಶೀ ಡಸ್ ಈಸ್ ಮ್ಯಾಜಿಕ್ ಹಾಡಿನ ಕಥೆ ಯಾಕೆ ಹೇಳುದಿಲ್ಲ? ಸ್ಟಿಂಗ್ ಪಿಯಾನೋದವನನ್ನು ಇಟ್ಕೊಂಡು ಡೆಮೊ, ಅಂದ್ರೆ ಮಾದರಿ ರೆಕಾರ್ಡಿಂಗ್, ಮಾಡಿ ತಂದಿದ್ದ. ಬ್ಯಾಂಡಿನವರು ಬೇರೆ ರೀತಿ ಮಾಡ್ಲಿಕ್ಕೆ ನೋಡಿದ್ರು, ಆಗ್ಲಿಲ್ಲ, ಕಡೆಗೆ ಆ ಡೆಮೊ ಮೇಲೆಯೇ ಉಳಿದ ಇಬ್ಬರೂ ಬಾರಿಸಿದ್ದು. ಹಾಡು ಪೂರ್ತಿ ತಲೆಯಲ್ಲಿ ಇಟ್ಕೊಂಡು ಬರುವ ಮನುಷ್ಯ ಅವ. 1985ರಲ್ಲಿ ಅಷ್ಟು ದೊಡ್ಡ ಬ್ಯಾಂಡ್ ಬಿಟ್ಟು ಜಾಝ್‌ನವರನ್ನು ಕಟ್ಟಿಕೊಂಡು ಹೊಸತು ಮಾಡ್ಲಿಕ್ಕೆ ಧೈರ್ಯ ಬೇಕಲ್ವಾ? ಈ ಆಲ್ಬಮಲ್ಲಿ ನನಗೆ ಕಾಣುದು ಒಬ್ಬ ಮನುಷ್ಯ ಹಾಡು ಬರೀತಾ ಬರೀತಾ ಹೇಗೆ ಬೆಳೆದ ಅನ್ನುದು. ಅದಕ್ಕೆ ಬೆಲೆ ಇಲ್ವಾ?

ಗುಂಡ: ಬೆಲೆ ಇದೆ, ಇಲ್ಲ ಅಂದೋರ್ಯಾರು. ಆದ್ರೆ ಬೆಳೆದಿದ್ದನ್ನ ತೋರ್ಸೋ ಆಲ್ಬಂ ಆದ್ರೆ ಹಾಡುಗಳನ್ನ ವರ್ಷದ ಪ್ರಕಾರ ಜೋಡಿಸ್ಬೇಕಿತ್ತು, ಇಲ್ಲಿ ಹಿಂದೆ ಮುಂದೆ ಆಗಿದೆ. ಮ್ಯಾಜಿಕ್ ಕಥೆ ನಿಜ. ಆದ್ರೆ ರೊಕ್ಸಾನ್ ಹಾಡಿನ ಕಥೆ? ಸ್ಟಿಂಗ್ ಬರೆದಾಗ ಅದು ಬ್ರೆಜಿಲ್‌ನ ಬೊಸ್ಸಾ ನೋವಾ ಧಾಟೀಲಿತ್ತು, ತಾಳ ಬದಲಾಯ್ಸಿ ಅದನ್ನ ಇವತ್ತು ನಾವು ಕೇಳೋ ರೊಕ್ಸಾನ್ ಮಾಡಿದ್ದು ಕೋಪ್‌ಲ್ಯಾಂಡ್. ಇನ್ನು ಎವ್ರಿ ಬ್ರೆತ್ ಯೂ ಟೇಕ್. 1983ರಲ್ಲಿ ಅಮೆರಿಕಾದಲ್ಲಿ 8 ವಾರ ನಂಬರ್ ಒನ್. ಸ್ಟಿಂಗ್ ಡೆಮೊದಲ್ಲಿ ಆರ್ಗನ್ ಇತ್ತು. ಮಾಂಟ್ಸೆರಾಟ್ ದ್ವೀಪದ ಸ್ಟುಡಿಯೋದಲ್ಲಿ ರೆಕಾರ್ಡಿಂಗು, ಮೂರು ಜನಕ್ಕೂ ಒಬ್ರಿಗೊಬ್ರು ಆಗ್ತಿರ್ಲಿಲ್ಲ, ಒಬ್ಬೊಬ್ರು ಒಂದೊಂದು ರೂಮಲ್ಲಿ ಕೂತು ಬಾರಿಸ್ತಿದ್ರು, ಡ್ರಮ್ಸ್ ಊಟದ ಮನೇಲಿ. ಹಾಗಿರುವಾಗ ಸಮ್ಮರ್ಸ್ ಹೋಗಿ ಆ ಗಿಟಾರ್ ನುಡಿಸಿದ. ಕಾರ್ಡಿನ ಒಂದೊಂದು ಸ್ವರಾನೂ ಬಿಡಿಸಿ ಬಿಡಿಸಿ, ಬೆರಳು ದೂರದೂರ ಚಾಚಿ ಮೀಟೋದು, ನಾವೆಲ್ಲ ಹಾಸ್ಟೆಲ್ ಟೆರೇಸಲ್ಲಿ ಕಲಿಯಕ್ಕೆ ಹೋಗಿ ಕಿರುಬೆರಳು ನೋಯಿಸ್ಕೊಂಡಿದ್ದು ಅದಕ್ಕೇ. ಆ ಗಿಟಾರ್ ತೆಗೆದು ಆ ಹಾಡನ್ನ ನೆನಪು ಮಾಡ್ಕೊಳ್ಳಿ ನೋಡೋಣ. ಆಗಲ್ಲ.

ಟಾಪರ್: ಇದನ್ನೇ ಹೇಳೋಣ ಅಂತ ಬಂದೆ. 1997ರಲ್ಲೇ ರ್‍ಯಾಪರ್ ಪಫ್ ಡ್ಯಾಡಿ ಐ ವಿಲ್ ಬಿ ಮಿಸ್ಸಿಂಗ್ ಯೂ ಹಾಡು ಮಾಡಿದ್ದು ಅದೇ ಗಿಟಾರ್ ಎತ್ಕೊಂಡು. ಹಾಡು ಬರೆದವರು ಅಂತ ಹೆಸರಿರೋದು ಸ್ಟಿಂಗ್ ಒಬ್ಬರದ್ದೇ, ಹಾಗಾಗಿ ಬರೆದೋರ ಪಾಲಿನ ದುಡ್ಡೂ ಅವರಿಗೇ. ಗಿಟಾರಲ್ಲಿ ಏನು ಹುಟ್ಟಿಸಿದ್ರೂ ಅದು ಅರೇಂಜ್‌ಮೆಂಟ್ ಅನ್ನೋ ಲೆಕ್ಕಕ್ಕೆ ಹೋಗುತ್ತೆ, ರಚನೆ ಅಂತ ಆಗಲ್ಲ. 2025ರಲ್ಲಿ ಸಮ್ಮರ್ಸ್, ಕೋಪ್‌ಲ್ಯಾಂಡ್ ಇಬ್ಬರೂ ರಾಯಲ್ಟಿ ವಿಚಾರಕ್ಕೆ ಲಂಡನ್ ಹೈಕೋರ್ಟಲ್ಲಿ ಸ್ಟಿಂಗ್ ಮೇಲೆ ಕೇಸ್ ಹಾಕಿದ್ರಲ್ಲ, ಇಷ್ಟು ವರ್ಷ ಆದ್ಮೇಲೂ ಒಳಗೆ ಕುದೀತಾನೇ ಇತ್ತು ಅಂತ ಅರ್ಥ.

ಹುಬ್ಳಿ: ರೊಕ್ಕದ ಜಗಳ ಎಲ್ಲಾ ಬ್ಯಾಂಡಿನ್ಯಾಗೂ ಇರತೈತಿ ಬಿಡ್ರಿ.

ಟಾಪರ್: ಇರುತ್ತೆ, ಆದ್ರೆ ಬೇರೆ ದಾರೀನೂ ಇದ್ವು. ಕ್ವೀನ್ ಬ್ಯಾಂಡಿನೋರು 1989ರ ಆಲ್ಬಮ್ಮಿಂದ ಯಾರೇ ಬರೆದ್ರೂ ಹಾಡಿನ ಕೆಳಗೆ ಕ್ವೀನ್ ಅಂತಲೇ ಹಾಕಕ್ಕೆ ಶುರು ಮಾಡಿದ್ರು. 1999ರಲ್ಲಿ ಗ್ರೇಟೆಸ್ಟ್ ಹಿಟ್ಸ್ ಮೂರನೇ ಭಾಗದಲ್ಲಿ ಅವರ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಸೋಲೋ ಹಾಡುಗಳೂ ಇದ್ವು, ಆದ್ರೂ ಮೇಲೆ ಬ್ಯಾಂಡ್ ಹೆಸರೇ.

ಗುಂಡ: ಜೆನೆಸಿಸ್ ಬ್ಯಾಂಡಿನೋರು ಇನ್ನೂ ಚೆನ್ನಾಗಿ ಮಾಡಿದ್ರು. 2014ರ ಆರ್-ಕೈವ್ ಸೆಟ್ಟಲ್ಲಿ ಬ್ಯಾಂಡ್ ಹಾಡುಗಳ ಜೊತೆ ಐದೂ ಜನರ ಸೋಲೋ ಹಾಡು ತಲಾ 3. ಫಿಲ್ ಕಾಲಿನ್ಸ್‌ಗೂ 3, ಟೋನಿ ಬ್ಯಾಂಕ್ಸ್‌ಗೂ 3. ಯಾರು ಜಾಸ್ತಿ ಮಾರಾಟ ಆದ್ರು ಅಂತ ನೋಡ್ಲಿಲ್ಲ. ಸೇರ್ಸೋದಾದ್ರೆ ಹಾಗೆ ಸೇರ್ಸಿ ಅನ್ನೋದಷ್ಟೇ ನನ್ನ ವಾದ. ಸಮ್ಮರ್ಸ್‌ದು ಒಂದು ಟ್ರ್ಯಾಕ್, ಕೋಪ್‌ಲ್ಯಾಂಡ್ 1983ರಲ್ಲಿ ಸಿನಿಮಾಗೆ ಮಾಡಿದ ಸಂಗೀತದಿಂದ ಒಂದು ಟ್ರ್ಯಾಕ್ ಹಾಕಿದ್ರೆ ಯಾರ ಗಂಟು ಹೋಗ್ತಿತ್ತು?

ಶೆಟ್ರು: ಅದು ಹಿಟ್ ಆಗಿರ್ಬೇಕಲ್ಲ ಮಾರಾಯ, ಗ್ರೇಟೆಸ್ಟ್ ಹಿಟ್ಸ್ ಅಂದ್ರೆ ಹಿಟ್ಸ್. ಜನ ಕೇಳುದನ್ನು ಹಾಕ್ಬೇಕು.

ಗುಂಡ: ಅಲ್ಲೇ ಇರೋದು ತೊಂದ್ರೆ ಶೆಟ್ರೆ. ಬಿಹೈಂಡ್ ಮೈ ಕ್ಯಾಮೆಲ್ ಅಂತ ಒಂದು ಟ್ರ್ಯಾಕ್ ಇದೆ, 1980ರ ಆಲ್ಬಮ್ಮಲ್ಲಿ, ಸಮ್ಮರ್ಸ್ ಮಾಡಿದ್ದು, ಹಾಡಿಲ್ಲ ಬರೀ ವಾದ್ಯ. ಸ್ಟಿಂಗ್‌ಗೆ ಅದು ಎಷ್ಟು ಇಷ್ಟ ಆಗ್ಲಿಲ್ಲ ಅಂದ್ರೆ ಬೇಸ್ ನುಡ್ಸಲ್ಲ ಅಂದುಬಿಟ್ಟ, ಟೇಪ್ ತಗೊಂಡೋಗಿ ತೋಟದಲ್ಲಿ ಹೂತಿಟ್ಟ. ಸಮ್ಮರ್ಸ್ ಅದನ್ನ ಅಗೆದು ತೆಗೆದು, ಬೇಸೂ ತಾನೇ ನುಡಿಸಿ ಮುಗಿಸ್ದ. 1982ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ಈ ವೆರಿ ಬೆಸ್ಟಲ್ಲಿ ಅದು ಇಲ್ಲ. ಗ್ರ್ಯಾಮಿ ಬಂದಿದ್ದೂ ಬೆಸ್ಟ್ ಅಲ್ಲ ಅಂದ್ರೆ ಬೆಸ್ಟ್ ಅನ್ನೋದು ಯಾರ ಕಣ್ಣಲ್ಲಿ?

ಮೇಷ್ಟ್ರು: ಈ ಕಥೆ ನಂಗೆ ಗೊತ್ತೇ ಇರ್ಲಿಲ್ಲ.

ಗುಂಡ: ಇದನ್ನ ಹೇಳೋ ಆಲ್ಬಂ ಇಲ್ವಲ್ಲ ಮೇಷ್ಟ್ರೆ, ಅದಕ್ಕೇ. ಕೋಪ್‌ಲ್ಯಾಂಡ್ ಅಂದ್ರೆ ನಮ್ಮೂರಲ್ಲೇ ಎಷ್ಟು ಜನಕ್ಕೆ ಗೊತ್ತು ಹೇಳಿ. ನಮ್ಮ ಬೆಂಗ್ಳೂರಿನ ರಿಕಿ ಕೇಜ್ ಜೊತೆ ಡಿವೈನ್ ಟೈಡ್ಸ್ ಮಾಡಿ 2022ರಲ್ಲಿ ಗ್ರ್ಯಾಮಿ ತಗೊಂಡ್ರಲ್ಲ, ಅದೇ ಮನುಷ್ಯ, ಪೊಲೀಸ್ ಡ್ರಮ್ಮರ್. ಅವತ್ತು ಎಲ್ಲಾ ಪೇಪರಲ್ಲೂ ಬಂತು, ಈ ಗ್ರೂಪಲ್ಲೂ ಫಾರ್ವರ್ಡ್ ಬಂತು, ಒಬ್ರಾದ್ರೂ ಅಯ್ಯೋ ಇವ್ರು ನಮ್ಮ ರೊಕ್ಸಾನ್ ಡ್ರಮ್ಮರ್ ಅಲ್ವಾ ಅಂದ್ರಾ? ರೊಕ್ಸಾನ್ ಅಂದ್ರೆ ಎಲ್ರಿಗೂ ಸ್ಟಿಂಗ್. ಹಾಡನ್ನ ಜನ ಹೇಗೆ ನೆನಪಿಟ್ಕೋತಾರೆ ಅನ್ನೋದನ್ನ ಇಂಥ ಆಲ್ಬಂಗಳೇ ತೀರ್ಮಾನ ಮಾಡ್ತವೆ, ಅದಕ್ಕೇ ನಂಗೆ ಸಿಟ್ಟು.

ಟಾಪರ್: ನನ್ನ ಮಗನೂ ಅದನ್ನೇ ಕೇಳಿದ್ದು, ಪೊಲೀಸ್ ಅನ್ನೋದು ಸ್ಟಿಂಗ್ ಅವರ ಬ್ಯಾಂಡ್ ಹೆಸರಾ ಅಂತ.

ಶೆಟ್ರು: ಕೇಳಿದ್ನಲ್ಲ, ಅದೇ ದೊಡ್ಡದು. ಈಗಿನ ಮಕ್ಕಳು ಐದು ಆಲ್ಬಂ ಹುಡುಕಿ ಕೂತು ಕೇಳ್ತಾರೆ ಅಂತ ನಿನಗೆ ಅನ್ನಿಸ್ತದಾ? ಮೊದ್ಲು ಇಂಥದ್ದು ಕೇಳ್ಬೇಕು, ಆಮೇಲೆ ಬೇಕಾದ್ರೆ ಒಳಗೆ ಹೋಗ್ತಾರೆ. ಬಾಗಿಲೇ ಬೇಡ ಅಂದ್ರೆ ಮನೆಯೊಳಗೆ ಹೋಗುದು ಹೇಗೆ? ಸ್ಟಿಂಗ್ ಇಲ್ಲದಿದ್ರೆ ಆ ಬಾಗಿಲೂ ಇಲ್ಲ. ನಾನು ಲಿಂಕ್ ತೆಗೆಯುದಿಲ್ಲ.

ಗುಂಡ: ತೆಗೀರಿ ಅಂತ ನಾನೆಲ್ಲಿ ಹೇಳ್ದೆ. ಕೇಳಿ, ಆದ್ರೆ ಅದರ ಜೊತೆಗೆ 1978ರಿಂದ 1983ರವರೆಗಿನ ಐದೂ ಆಲ್ಬಂ ವರ್ಷದ ಪ್ರಕಾರ ಕೇಳಿ, ಒಟ್ಟು ಸೇರಿಸಿದ್ರೂ ನಾಲ್ಕು ಗಂಟೆ ಆಗಲ್ಲ. ಆಮೇಲೆ ಸ್ಟಿಂಗ್ 1985ರ ಸೋಲೋ ಆಲ್ಬಂ ಬ್ಲೂ ಟರ್ಟಲ್ಸ್. ಆಗ ಅವ್ನು ಏನು ಬಿಟ್ಟು ಹೋದ, ಏನು ತಗೊಂಡು ಹೋದ ಎರಡೂ ಕಿವಿಗೇ ಗೊತ್ತಾಗುತ್ತೆ, ಅವ್ನ ಮೇಲೂ ಗೌರವ ಜಾಸ್ತಿಯಾಗುತ್ತೆ. ಇವತ್ತು ರಾತ್ರಿ ಲಿಸ್ಟ್ ಮಾಡಿ ಹಾಕ್ತೀನಿ.

ಶೆಟ್ರು: ಹಾಕು. ಕೇಳಿಯೇ ಜಗಳ ಮಾಡ್ತೇನೆ.

ಹುಬ್ಳಿ: ಗುಂಡ, ಲಿಸ್ಟ್ ಆಮ್ಯಾಲ. ಆ ಮಣ್ಣಾಗ ಹೂತಿದ್ನಲ್ಲ, ಒಂಟೆದು, ಅದನ್ನ ಮೊದ್ಲ ಕಳಿಸು.