ಅವನಿಗೆ ಊರು, ನಿನಗೆ ಪರದೇಶ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿಯೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿನಲ್ಲಿ ಕೇಳು. ಗ್ರೂಪಿನಲ್ಲಿ ಉಳಿದವರೂ ಕೇಳಲಿ. ಚಿಕ್ಕಪ್ಪ "ಹೊಂದಿಕೊಂಡು ಹೋಗಮ್ಮ" ಅಂದರು, ಅತ್ತೆ "ಫಾರಿನ್ ನೋಡುವ ಅದೃಷ್ಟ ಎಲ್ಲರಿಗೂ ಎಲ್ಲಿ ಸಿಗುತ್ತದೆ" ಅಂದರು. ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ನೀನು ಕೇಳಿದ್ದು ಅದಲ್ಲ.

ನೀನು ಕೇಳಿದ್ದು ಇಷ್ಟು, ಅಲ್ವಾ? ಡಿಸೆಂಬರ್‌ನಲ್ಲಿ ನಿನಗೂ ನಿನ್ನ ಗಂಡನಿಗೂ 20 ದಿನ ರಜೆ. ನಿನ್ನ ಅತ್ತೆ ಮಾವ ಮತ್ತು ಅವನ ಅಜ್ಜಿ ಜರ್ಮನಿಯಲ್ಲಿ. ನಾದಿನಿ ನೆದರ್‌ಲ್ಯಾಂಡ್ಸ್‌ನಲ್ಲಿ. ಅವನ ಕಾಲೇಜಿನ ಗೆಳೆಯರು ಲಂಡನ್‌ನಲ್ಲಿ. ಅವನು ಬರೆದ ಪಟ್ಟಿಯಲ್ಲಿ 11 ಮನೆ ಇವೆ. ಹೋದ ಸಲವೂ ಹೀಗೇ ಸುತ್ತಿ, ವಾಪಸ್ ಬಂದ ಮೇಲೆ ಒಂದು ವಾರ ನಿನಗೆ ಏಳಲಿಕ್ಕೇ ಆಗಲಿಲ್ಲ. ಈಗ ಬೇಡ ಅಂದರೆ ತನ್ನ ಜನ ನಿನಗೆ ಇಷ್ಟವಿಲ್ಲ ಅಂದುಕೊಳ್ಳುತ್ತಾನೆ. ಹೇಗೆ ಹೇಳಲಿ ಅಂತ.

ನಿಮ್ಮ ಭಾವನ ಊರಿಗೆ ನಾನು ಮೊದಲ ಸಲ ಹೋದದ್ದು ಹೇಳುತ್ತೇನೆ, ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. 17 ದಿನ, 9 ಮನೆ. ಆರನೇ ದಿನವೋ ಏಳನೇ ದಿನವೋ, ನಿಮ್ಮ ಭಾವನ ಗೆಳೆಯರ ಮನೆಯಲ್ಲಿ ಒಂದು ಮೇಜಿನ ಸುತ್ತ 12 ಜನ ಕೂತಿದ್ದೆವು. ಯಾರೋ ಏನೋ ಹೇಳಿದರು, ಎಲ್ಲರೂ ಬಿದ್ದು ಬಿದ್ದು ನಕ್ಕರು, ನಿಮ್ಮ ಭಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಏನೂ ಅರ್ಥ ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಬಾತ್‌ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ಸುಮ್ನೆ ಕೂತುಬಿಟ್ಟೆ. ಯಾರೂ ನನಗೆ ಏನೂ ಅಂದಿರಲಿಲ್ಲ. ಎಲ್ಲರೂ ಒಳ್ಳೆಯವರೇ. ಆದರೂ ಅಳು ಬಂತು. ನಿಮ್ಮ ಭಾವನಿಗೆ ನಾನು ಎದ್ದು ಹೋದದ್ದೂ ಗೊತ್ತಾಗಲಿಲ್ಲ. ಆ ಸಿಟ್ಟು ನನ್ನಲ್ಲಿ ತುಂಬಾ ದಿನ ಇತ್ತು, ಇವರು ನನ್ನನ್ನು ಕರೆತಂದು ಇಲ್ಲಿ ಬಿಟ್ಟುಬಿಟ್ಟರಲ್ಲ ಅಂತ.

ವಾಪಸ್ ಬರುವಾಗ ವಿಮಾನದಲ್ಲಿ ಹೇಳಿದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಊರಿಗೆ ಹೋಗಿದ್ದೆ, ನೀನು ಪರದೇಶಕ್ಕೆ ಹೋಗಿದ್ದೆ, ಅದು ನನಗೆ ಹೊಳೆಯಲೇ ಇಲ್ಲ" ಅಂದರು. ಪುಟ್ಟಿ, ನನಗೆ ಆವತ್ತಿನಿಂದ ಸ್ಪಷ್ಟವಾಯಿತು. ಒಂದೇ ವಿಮಾನ, ಒಂದೇ ಮನೆ, ಒಂದೇ ಹಾಸಿಗೆ, ಆದರೆ ಇಬ್ಬರ ಪ್ರಯಾಣ ಬೇರೆ ಬೇರೆ. ಅವನಿಗೆ ಅಲ್ಲಿ ದಣಿವು ಆರುತ್ತದೆ, ನಿನಗೆ ಅಲ್ಲಿ ದಣಿವು ಶುರು ಆಗುತ್ತದೆ. ಇದನ್ನೇ ಅವನಿಗೆ ಹೇಳು. "ನಿನ್ನ ಜನ ಬೇಡ" ಅಂತ ನೀನು ಹೇಳುತ್ತಿಲ್ಲ. "ನಿನ್ನ ಜನರನ್ನು ನನಗೂ ನೋಡಬೇಕು, ಆದರೆ ಇಷ್ಟು ಓಡಿದರೆ ನಾನು ಯಾರನ್ನೂ ನೋಡಿದ ಹಾಗೆ ಆಗುವುದಿಲ್ಲ" ಅಂತ ಹೇಳು. ಜಗಳದ ಮಧ್ಯೆ ಹೇಳಬೇಡ, ಟಿಕೆಟ್ ಬುಕ್ ಆದ ಮೇಲೂ ಹೇಳಬೇಡ. ಈಗಲೇ ಹೇಳು.

ಈಗಲೇ ಅನ್ನಲು ಇನ್ನೊಂದು ಕಾರಣ ಇದೆ. ಅವನ ಪಾಸ್‌ಪೋರ್ಟ್‌ಗೆ ವೀಸಾ ಬೇಡ, ನಿನ್ನದಕ್ಕೆ ಬೇಕು. ಅವನು ಮನಸ್ಸು ಬಂದಾಗ ಹೊರಡಬಹುದು, ನೀನು ತಿಂಗಳುಗಟ್ಟಲೆ ಮುಂಚೆ ಕಾಗದ ಜೋಡಿಸಬೇಕು. ಇದು ಅವನ ತಪ್ಪಲ್ಲ, ಆದರೆ ಅವನಿಗೆ ಗೊತ್ತಿರಬೇಕು. ಷೆಂಗೆನ್ ವೀಸಾಗೆ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾಗೆ, ಹೊರಡುವ ದಿನಕ್ಕಿಂತ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಪಕ್ಷ 15 ದಿನ ಮೊದಲು ಹಾಕಲೇಬೇಕು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತದೆ, ಆದರೆ 45 ದಿನದವರೆಗೂ ಎಳೆಯಬಹುದು. ಡಿಸೆಂಬರ್ ಎಂದರೆ ಎಲ್ಲರೂ ಹೊರಡುವ ಕಾಲ, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಎಲ್ಲಿ ಜಾಸ್ತಿ ದಿನ ಇರುತ್ತೀಯೋ ಆ ದೇಶಕ್ಕೇ ಅರ್ಜಿ, ನಿನ್ನದು ಜರ್ಮನಿ. ಅದೇ ವೀಸಾದಲ್ಲಿ ನಾದಿನಿ ಮನೆಗೂ ಹೋಗಬಹುದು. ಪಾಸ್‌ಪೋರ್ಟ್ ಇವತ್ತೇ ತೆಗೆದು ನೋಡು, ಅಲ್ಲಿಂದ ಹೊರಡುವ ದಿನದ ನಂತರ ಇನ್ನೂ 3 ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಆಹ್ವಾನ ಪತ್ರ ಅತ್ತೆ ಮಾವನಿಂದ ತರಿಸುವ ಕೆಲಸ ಅವನದು, ಅದನ್ನು ಅವನಿಗೇ ಬಿಡು.

ಇನ್ನು ಲಂಡನ್. ಇದನ್ನು ಅವನು ಯೋಚಿಸಿಯೇ ಇಲ್ಲ ಅನ್ನಿಸುತ್ತದೆ. ಬ್ರಿಟನ್ ಷೆಂಗೆನ್‌ನಲ್ಲಿ ಇಲ್ಲ. ಅದಕ್ಕೆ ನಿನಗೆ ಬೇರೆ ವೀಸಾ ಬೇಕು, ಅರ್ಜಿಯನ್ನು ಹೊರಡುವ 3 ತಿಂಗಳೊಳಗೇ ಹಾಕಬೇಕು, ಸಾಮಾನ್ಯವಾಗಿ 3 ವಾರ ಹಿಡಿಯುತ್ತದೆ. ಒಂದು ಕಡೆ ಪಾಸ್‌ಪೋರ್ಟ್ ಕೊಟ್ಟಿರುವಾಗ ಇನ್ನೊಂದು ಕಡೆಗೆ ಹೇಗೆ ಕೊಡುತ್ತೀಯ? ಅಷ್ಟೇ ಅಲ್ಲ, ಅವನ ಪಟ್ಟಿಯ ಪ್ರಕಾರ ಜರ್ಮನಿಯಿಂದ ಲಂಡನ್‌ಗೆ ಹೋಗಿ ಮತ್ತೆ ನೆದರ್‌ಲ್ಯಾಂಡ್ಸ್‌ಗೆ ಬಂದರೆ ಅದು ಎರಡನೇ ಸಲ ಒಳಗೆ ಬಂದ ಹಾಗೆ. ಒಂದೇ ಸಲದ ಪ್ರವೇಶದ ವೀಸಾ ಸಿಕ್ಕಿದ್ದರೆ ನಿನ್ನನ್ನು ಒಳಗೆ ಬಿಡುವುದಿಲ್ಲ. ಗೆಳೆಯರನ್ನು ನೋಡಲು ಹೋಗಿ ಅಲ್ಲಿ ಸಿಕ್ಕಿಹಾಕಿಕೊಳ್ಳಬೇಕಾ? ನನ್ನ ಮಾತು ಕೇಳಿದರೆ ಈ ಸಲ ಲಂಡನ್ ಬಿಟ್ಟುಬಿಡಿ. ಆ ಗೆಳೆಯರು ಬ್ರಿಟನ್ ಪಾಸ್‌ಪೋರ್ಟ್ ಇರುವವರು ಅಂದೆಯಲ್ಲ, ಅವರಿಗೆ ಕೆಲವು ದಿನ ಈ ಕಡೆ ಬರಲು ವೀಸಾ ಬೇಕಿಲ್ಲ. ಲಂಡನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ನೇರ ಯೂರೋಸ್ಟಾರ್ ರೈಲು ಇದೆ. ಕ್ರಿಸ್‌ಮಸ್ ಗಲಾಟೆ ಮುಗಿದ ಮೇಲೆ ಅವರೇ ಎರಡು ದಿನ ಬರಲಿ. ಪ್ರೀತಿ ಇರುವ ಗೆಳೆಯರು ಬರುತ್ತಾರೆ. ನಾವು ಹೀಗೆ ಕೇಳಿದಾಗ ನಾಲ್ಕರಲ್ಲಿ ಮೂವರು ಬಂದರು, ನಿಮ್ಮ ಭಾವನಿಗೆ ಅಷ್ಟು ಖುಷಿಯಾಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಹಾಂ, ಕ್ರಿಸ್‌ಮಸ್ ದಿನಗಳ ಬಗ್ಗೆ. ಜರ್ಮನಿಯಲ್ಲಿ ಮನೆಯವರೆಲ್ಲ ಸೇರುವ ಮುಖ್ಯ ಹೊತ್ತು 24ರ ಸಂಜೆ. 25 ಮತ್ತು 26 ಎರಡೂ ದಿನ ಸರ್ಕಾರಿ ರಜೆ, ಅಂಗಡಿ ಮುಚ್ಚಿರುತ್ತವೆ. ಲಂಡನ್‌ನಲ್ಲಂತೂ 25ನೇ ತಾರೀಕು ನೆಲದಡಿ ಓಡುವ ಟ್ಯೂಬ್ ರೈಲೂ ಇಲ್ಲ, ಬಸ್ಸೂ ಇಲ್ಲ. ಆ ದಿನಗಳಲ್ಲಿ ಗೆಳೆಯರೂ ಅವರವರ ಅಪ್ಪ ಅಮ್ಮನ ಮನೆಯಲ್ಲಿ ಇರುತ್ತಾರೆ. ಹಾಗಿರುವಾಗ 23ರಿಂದ 27ರವರೆಗೆ ಯಾವ ಊರೂ ಬದಲಾಯಿಸಬೇಡಿ, ಅತ್ತೆ ಮನೆಯಲ್ಲೇ ಇರಿ. ಮತ್ತೆ 24ಕ್ಕೆ ಹೋಗಿ ಇಳಿಯಬೇಡಿ. ನಿದ್ದೆಯ ಲೆಕ್ಕ ಸರಿಹೋಗಲು ಗಡಿಯಾರದ ಒಂದು ಗಂಟೆ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಸಂಜೆ ಎಲ್ಲರೂ ಸಂಭ್ರಮದಲ್ಲಿ ಇರುವಾಗ ನಿನಗೆ ಕಣ್ಣು ಎಳೆಯುತ್ತಿರುತ್ತದೆ, ಅದನ್ನು ನೋಡಿದವರು ಇವಳಿಗೆ ಬೇಜಾರು ಅಂದುಕೊಳ್ಳುತ್ತಾರೆ. ನಾಲ್ಕು ದಿನ ಮೊದಲು ತಲುಪಿ. ಕತ್ತಲೆಗೂ ಮನಸ್ಸು ಸಿದ್ಧ ಮಾಡಿಕೋ. ಆ ಹೊತ್ತಿಗೆ ಬರ್ಲಿನ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ನನಗೆ ಮೊದಲ ಸಲ ಆ ಕತ್ತಲೆಯೇ ಅರ್ಧ ಮನಸ್ಸು ಕುಗ್ಗಿಸಿತ್ತು. ಮಧ್ಯಾಹ್ನ ಬೆಳಕು ಇರುವಾಗಲೇ ಇಬ್ಬರೂ ಒಂದು ಗಂಟೆ ನಡೆದು ಬನ್ನಿ, ನೀವಿಬ್ಬರೇ.

ಈಗ 11 ಮನೆಯ ವಿಷಯ. ಎರಡನೇ ಸಲ ನಾವು ಹೀಗೆ ಮಾಡಿದೆವು. ನಮ್ಮತ್ತೆ ಒಂದು ಮಧ್ಯಾಹ್ನ ಎಲ್ಲರನ್ನೂ ತಮ್ಮ ಮನೆಗೇ ಕರೆದರು. ನಾವು ಒಂಬತ್ತು ಕಡೆ ಓಡುವ ಬದಲು ಒಂಬತ್ತು ಮನೆಯವರು ಒಂದು ಕಡೆ ಬಂದರು. ಅವರು ಅವರವರೇ ಮಾತಾಡಿಕೊಂಡರು, ನನ್ನ ಮೇಲೆ ಎಲ್ಲರ ಕಣ್ಣು ಇರಲಿಲ್ಲ. ಸಾಕಾದಾಗ ನಾನು ಮೇಲಿನ ಕೋಣೆಗೆ ಹೋಗಿ ಅರ್ಧ ಗಂಟೆ ಮಲಗಿ ಬಂದೆ, ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ನಿಮ್ಮದರಲ್ಲೂ 11ರಲ್ಲಿ ಏಳು ಮನೆ ಹೀಗೆ ಮುಗಿಯುತ್ತವೆ.

ಉಳಿದವರನ್ನು ಒಬ್ಬೊಬ್ಬರಾಗಿ ನೋಡು. ಇದು ನಾನು ತಡವಾಗಿ ಕಲಿತದ್ದು, ನೀನು ಈಗಲೇ ತಿಳಿದುಕೋ. ಹತ್ತು ಜನ ಸೇರಿದರೆ ಅವರ ಭಾಷೆ ಓಡುತ್ತದೆ, ಹಳೆಯ ಕಥೆ, ಅರ್ಧ ಹೇಳಿ ಬಿಟ್ಟ ಮಾತು, ನೀನು ಹಿಡಿಯಲು ಸಾಧ್ಯವೇ ಇಲ್ಲ. ಅದೇ ಒಬ್ಬರು ಎದುರು ಕೂತರೆ, ಅವರೇ ನಿಧಾನ ಮಾಡುತ್ತಾರೆ, ಕೈ ಸನ್ನೆ ಮಾಡುತ್ತಾರೆ, ಹುಡುಕಿ ಹುಡುಕಿ ಸುಲಭದ ಪದ ತರುತ್ತಾರೆ. ನಮ್ಮತ್ತೆ ಒಂದು ಬೆಳಿಗ್ಗೆ ನನ್ನೊಬ್ಬಳನ್ನೇ ಕೂರಿಸಿಕೊಂಡು ಹಳೆಯ ಫೋಟೋ ಆಲ್ಬಮ್ ತೆಗೆದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ನಾಲ್ಕು ಪದಕ್ಕಿಂತ ಜಾಸ್ತಿ ಬರುತ್ತಿರಲಿಲ್ಲ. ಒಂದು ಫೋಟೋದಲ್ಲಿ ಅವರು ನನಗಿಂತ ಚಿಕ್ಕ ವಯಸ್ಸಿನವರು, ಕಂಕುಳಲ್ಲಿ ನಿಮ್ಮ ಭಾವ, ಹಿಂದೆ ಸೂಟ್‌ಕೇಸ್‌ಗಳು. ಅವರೂ ಮದುವೆಯಾಗಿ ದೂರದ ಊರಿಗೆ ಬಂದವರೇ ಅಂತ ನನಗೆ ಆವತ್ತು ಗೊತ್ತಾಯಿತು. ಆ ಒಂದು ಬೆಳಿಗ್ಗೆಯಿಂದ ಅದು ನನಗೂ ಒಂದು ಮನೆ ಆಯಿತು.

ಚಿಕ್ಕಪ್ಪ, ಹೊಂದಿಕೊಳ್ಳಬೇಕು ಅನ್ನುವುದು ನಿಜ. ಆದರೆ ದಣಿದು ಸುಸ್ತಾದವಳು ಹೊಂದಿಕೊಳ್ಳುವುದಿಲ್ಲ, ನುಂಗಿಕೊಳ್ಳುತ್ತಾಳೆ. ಅದು ಮುಂದೆ ಯಾವಾಗಲೋ ಸಣ್ಣ ಮಾತಿಗೆ ಹೊರಗೆ ಬರುತ್ತದೆ.

ಪುಟ್ಟಿ, ನೀನು ಮಾಡಬಾರದ್ದು ಒಂದಿದೆ. ಅಜ್ಜಿಯನ್ನು ಪಟ್ಟಿಯಿಂದ ತೆಗೆಯಬೇಡ. ಅವರಿಗೆ 91 ಅಂದೆ. ನಮ್ಮಲ್ಲಿ ನಿಮ್ಮ ಭಾವನ ಸೋದರಮಾವ ಒಬ್ಬರಿದ್ದರು, ಅವರ ಊರು ದೂರ, ರೈಲು ಬದಲಾಯಿಸಬೇಕು, ನನಗೆ ಸಾಕಾಗಿತ್ತು. ಮುಂದಿನ ಸಲ ಹೋಗೋಣ ಅಂದೆ. ಮುಂದಿನ ಸಲಕ್ಕೆ ಅವರು ಇರಲಿಲ್ಲ. ನಿಮ್ಮ ಭಾವ ಇವತ್ತಿನವರೆಗೂ ಅದನ್ನು ಎತ್ತಿ ಆಡಿಲ್ಲ, ನನಗೆ ಮಾತ್ರ ಮರೆಯಲು ಆಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ವಯಸ್ಸಾದವರು ಮೊದಲು. ಅವರ ಜೊತೆ ಎರಡು ಪೂರ್ತಿ ದಿನ ಇಡು, ಅವನೊಬ್ಬನೇ ಅವರ ಪಕ್ಕ ಕೂರುವ ಹೊತ್ತೂ ಇರಲಿ. ಗೆಳೆಯರನ್ನು ಇನ್ನೊಂದು ವರ್ಷ ಮೇ ಜೂನ್‌ನಲ್ಲಿ ನೋಡಬಹುದು, ಆಗ ಬೆಳಕೂ ಜಾಸ್ತಿ, ಅವರಿಗೂ ಪುರುಸೊತ್ತು.

ತಂಗುವುದು ಎಲ್ಲಿ ಅಂತಲೂ ಕೇಳಿದ್ದೆ. 20 ರಾತ್ರಿಯೂ ಬೇರೆಯವರ ಮನೆಯ ಸೋಫಾ ಮೇಲೆ ಬೇಡ. ಮಧ್ಯದಲ್ಲಿ ಮೂರು ರಾತ್ರಿ ನಿಮ್ಮಿಬ್ಬರದೇ ಒಂದು ಕೋಣೆ ಬುಕ್ ಮಾಡಿ, ಯಾರ ಮನೆಯೂ ಇಲ್ಲದ ಊರಿನಲ್ಲಿ. ನೀನು ನೋಡಬೇಕು ಅಂದುಕೊಂಡ ಊರು ಒಂದಾದರೂ ಆ ಪಟ್ಟಿಯಲ್ಲಿ ಇದೆಯಾ? ನಾನು ಓದಿದಾಗ ಕಾಣಲಿಲ್ಲ. ಈ ಬದಲಾವಣೆಯನ್ನೆಲ್ಲ ಅವನ ಮನೆಯವರಿಗೆ ಅವನೇ ಹೇಳಬೇಕು, "ನಾವಿಬ್ಬರೂ ಹೀಗೆ ತೀರ್ಮಾನ ಮಾಡಿದ್ದೇವೆ" ಅಂತ. ನೀನು ಹೇಳಿದರೆ ದೂರು ಆಗುತ್ತದೆ, ಅವನು ಹೇಳಿದರೆ ಬರೀ ಸುದ್ದಿ.

ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ಮಧ್ಯದಲ್ಲಿ ವಿಮಾನ ಬದಲಾಯಿಸುವುದಿದ್ದರೆ ಎರಡೂ ಒಂದೇ ಟಿಕೆಟ್‌ನಲ್ಲಿ ಇರಲಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ. ಟಿಕೆಟ್‌ನಲ್ಲಿ ನಿನ್ನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಇರಬೇಕು, ಮದುವೆಯ ನಂತರದ ಹೆಸರು ಹಾಕಿಬಿಡಬೇಡ. ಆಹ್ವಾನ ಪತ್ರ, ಇನ್ಶೂರೆನ್ಸ್, ವಾಪಸ್ ಟಿಕೆಟ್, ಮೂರೂ ಕೈಚೀಲದಲ್ಲಿ ಇಟ್ಟುಕೋ. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಯಲ್ಲಿ ಹೊರಗಿನವರ ಬೆರಳಚ್ಚು, ಫೋಟೋ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ, ಸಾಲು ಉದ್ದ ಇರಬಹುದು. ಅವನು ತನ್ನ ಸಾಲಿನಲ್ಲಿ ಬೇಗ ದಾಟಿ ಆಚೆ ಹೋಗಿ ಕಾಯುವುದು ಬೇಡ. ನಿನ್ನ ಜೊತೆ ನಿನ್ನ ಸಾಲಿನಲ್ಲೇ ನಿಲ್ಲಲಿ. ನಿಮ್ಮ ಭಾವ ಎರಡನೇ ಸಲದಿಂದ ಹಾಗೇ ನಿಲ್ಲುತ್ತಾರೆ.

ಭಾನುವಾರ ಸಂಜೆ ಇಬ್ಬರೂ ಕೂತು ವಿಡಿಯೋ ಕಾಲ್ ಮಾಡಿ. ನಿಮ್ಮ ಭಾವನೂ ಇರುತ್ತಾರೆ, ಅವನ ಹತ್ತಿರ ಅವರೇ ಮಾತಾಡುತ್ತೇನೆ ಅಂದಿದ್ದಾರೆ. ಅಷ್ಟರೊಳಗೆ ಆ 11 ಹೆಸರಿನಲ್ಲಿ ನಿನಗೇ ನೋಡಬೇಕು ಅನ್ನಿಸುವವರು ಯಾರು ಅಂತ ಗುರುತು ಮಾಡಿಡು. ಆಮೇಲೆ ನೀನು ನೋಡಬೇಕಾದ ಊರಿನ ಹೆಸರೂ ಬರೆ.