ಬ್ಯಾಕ್ಟೀರಿಯಾ ಬೇಕಾದಷ್ಟಿವೆ, ತಿನ್ನುವವರು ಕಾಣುತ್ತಿಲ್ಲ: ಎಲ್ಲಿ ಕೈತಪ್ಪುತ್ತಿದೆ?

ಹನಿನೋಟ:
ಉಷ್ಣವಲಯದ ಒಂದು ಜಲಾಶಯದ ಆಹಾರ ಜಾಲ ನೋಡುತ್ತಿದ್ದೇನೆ. ಮೇಲಿನ ನೀರು 27 ಡಿಗ್ರಿ, ಬಣ್ಣ ಹಸಿರೋ ಹಸಿರು. 1 ಮಿಲೀ ನೀರು ಸೋಸಿ ಡ್ಯಾಪಿ (ಡಿಎನ್ಎಗೆ ಅಂಟಿ ಹೊಳೆಯುವ ಬಣ್ಣ) ಹಾಕಿದರೆ ಫಿಲ್ಟರ್ ತುಂಬಾ ಬ್ಯಾಕ್ಟೀರಿಯಾ. ಅವನ್ನು ತಿನ್ನುವವರು ಮಾತ್ರ ಸಿಗುತ್ತಿಲ್ಲ. 64 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಕಣ್ಣಿನ ಬಲೆ ಎಳೆದು ಫಾರ್ಮಲಿನ್ ಹಾಕಿಟ್ಟೆ. ನೀರಲ್ಲಿ ತೇಲುವ ಪುಟ್ಟ ಪ್ರಾಣಿಗಳಲ್ಲಿ ಒಂದಿಷ್ಟು ಕೋಪಿಪಾಡ್ ಮರಿಗಳು, ಅಲ್ಲೊಂದು ಇಲ್ಲೊಂದು ರೋಟಿಫರ್, ಅಷ್ಟೇ. ಡ್ಯಾಫ್ನಿಯಾ (ನೀರುಚಿಗಟ) ಇಲ್ಲವೇ ಇಲ್ಲ. ಎಲ್ಲಾ ಮೀನಿನ ಹೊಟ್ಟೆ ಸೇರಿತಾ?

ಕೆಸರುಕಾಲು:
ಮೀನೇ ಇರಬೇಕು. ಬಿಸಿ ನೀರಲ್ಲಿ ಸಣ್ಣ ಮೀನು ವರ್ಷವಿಡೀ ಮರಿ ಹಾಕುತ್ತವೆ. ದೊಡ್ಡ ಡ್ಯಾಫ್ನಿಯಾ ಉಳಿಯುವುದು ಕಷ್ಟ.

ತಳಜಾಲ:
ಡ್ಯಾಫ್ನಿಯಾ ಮಟ್ಟಿಗೆ ಕೆಸರುಕಾಲು ಹೇಳಿದ್ದು ಸರಿ. ಆದರೆ ಹನಿನೋಟ ಅವರೇ, ನೀವು ಹುಡುಕುತ್ತಿರುವ ಜೀವಿಗಳು ಬಲೆಗೆ ಬೀಳುವ ಗಾತ್ರದವೇ ಅಲ್ಲ. ಬ್ಯಾಕ್ಟೀರಿಯಾವನ್ನು ಮುಖ್ಯವಾಗಿ ತಿನ್ನುವುದು 2ರಿಂದ 20 ಮೈಕ್ರಾನಿನ ಫ್ಲ್ಯಾಜೆಲೇಟ್‌ಗಳು, ಅಂದರೆ ಚಾವಟಿಯಂಥ ಬಾಲ ಬೀಸಿ ಈಜುವ ಏಕಕೋಶ ಜೀವಿಗಳು. ಅವುಗಳನ್ನು ಸಿಲಿಯೇಟ್‌ಗಳು (ಸಣ್ಣ ರೋಮಗಳಿಂದ ಈಜುವ ಏಕಕೋಶ ಜೀವಿಗಳು) ತಿನ್ನುತ್ತವೆ, ಅವೂ ಬಹುಪಾಲು 64 ಮೈಕ್ರಾನಿಗಿಂತ ಚಿಕ್ಕವು. ಮೀನಿನ ಬಲೆ ಹಿಡಿದು ಸೊಳ್ಳೆ ಹುಡುಕಿದ ಹಾಗಾಯಿತು. ಸಣ್ಣ ರೋಟಿಫರ್‌ಗಳೂ ಎಷ್ಟೋ ನುಸುಳಿ ಹೋಗಿರುತ್ತವೆ. ಫಾರ್ಮಲಿನ್ ಇನ್ನೊಂದು ತೊಂದರೆ: ಮೈಗೆ ಗಟ್ಟಿ ಕವಚವಿಲ್ಲದ ಸಿಲಿಯೇಟ್‌ಗಳು ಅದರಲ್ಲಿ ಒಡೆದು ಹೋಗುತ್ತವೆ.

ಬಲೆ ಬಿಡಿ, ನೀರನ್ನೇ ತುಂಬಿಕೊಳ್ಳಿ. ಸಿಲಿಯೇಟ್‌ಗೆ ಆಸಿಡ್ ಲ್ಯುಗಾಲ್ (ಆಮ್ಲ ಬೆರೆಸಿದ ಅಯೋಡಿನ್ ದ್ರಾವಣ) ಹಾಕಿ, ನೀರು ಕಡು ಚಹಾದ ಬಣ್ಣಕ್ಕೆ ಬರಲಿ. ದೋಣಿಯಲ್ಲೇ ಹಾಕಿಬಿಡಿ, ದಡಕ್ಕೆ ಬಂದಮೇಲೆ ಅಂತ ಇಟ್ಟುಕೊಳ್ಳಬೇಡಿ. ಈ ಬಿಸಿಗೆ ಬಾಟಲಿಯೊಳಗೆ ತಿನ್ನಾಟ ಜೋರಾಗಿಯೇ ನಡೆಯುತ್ತಿರುತ್ತದೆ. ಆಮೇಲೆ ಸೆಡಿಮೆಂಟೇಶನ್ ಚೇಂಬರಿನಲ್ಲಿ ಒಂದು ಹಗಲು ರಾತ್ರಿ ತಳ ಸೇರಲು ಬಿಟ್ಟು, ತಳದ ಕಡೆಯಿಂದ ನೋಡುವ ಇನ್ವರ್ಟೆಡ್ ಮೈಕ್ರೋಸ್ಕೋಪಿನಲ್ಲಿ ನೋಡಿ. ಜೊತೆಗೆ ಏನೂ ಬೆರೆಸದ ಒಂದು ಸಣ್ಣ ಬಾಟಲಿ ಕತ್ತಲಲ್ಲಿ ತಂದು ಬೇಗ ನೋಡಿ. ಜೀವಂತ ಸಿಲಿಯೇಟ್ ಓಡಾಡುವುದು ನೋಡಿದರೆ ಲ್ಯುಗಾಲ್ ಬಾಟಲಿಯ ಕಂದು ಉಂಡೆ ಏನು ಅಂತ ತಾನಾಗಿ ಗೊತ್ತಾಗುತ್ತದೆ.

ಯಾವ ಆಳದ ನೀರು ಅದು?

ಹನಿನೋಟ:
ಅರ್ಧ ಮೀಟರ್ ಮಾತ್ರ, ಮಧ್ಯಾಹ್ನ ತಂದಿದ್ದು. ಲ್ಯುಗಾಲ್ ಮಾಡಿ ನೋಡಿದೆ ಸರ್. ಸಿಲಿಯೇಟ್ ಚೆನ್ನಾಗಿ ಸಿಕ್ಕವು! ಫ್ಲ್ಯಾಜೆಲೇಟ್ ಮಾತ್ರ ಇನ್ನೂ ಇಲ್ಲ. ಕಂದು ಚುಕ್ಕೆಗಳು ಬಹಳ ಇವೆ, ಪಾಚಿಯೋ ಏನೋ ಹೇಳಲಾಗುತ್ತಿಲ್ಲ. ಬ್ಯಾಕ್ಟೀರಿಯಾ ನೋಡಿದ ಡ್ಯಾಪಿ ಸ್ಲೈಡಿನಲ್ಲೂ ಕಾಣಲಿಲ್ಲ.

ತಳಜಾಲ:
ಆ ಸ್ಲೈಡಿನಲ್ಲಿ ಕಾಣುವುದು ಕಷ್ಟ. ಸ್ಥೂಲವಾಗಿ ಸಾವಿರ ಬ್ಯಾಕ್ಟೀರಿಯಾಕ್ಕೆ ಒಂದು ಫ್ಲ್ಯಾಜೆಲೇಟ್ ಅನ್ನುವ ಲೆಕ್ಕ. 1 ಮಿಲೀ ಸೋಸಿದರೆ ಅದು ಕಣ್ಣಿಗೆ ಬೀಳುವಷ್ಟು ಇರುವುದಿಲ್ಲ. ಬೇರೆ ಬಾಟಲಿಗೆ ಗ್ಲುಟರಾಲ್ಡಿಹೈಡ್ (ಜೀವಕೋಶ ಕೆಡದಂತೆ ಇಡುವ ರಾಸಾಯನಿಕ) ಹಾಕಿ, ಒಟ್ಟು ಶೇ. 1 ಆಗಲಿ. 10ರಿಂದ 20 ಮಿಲೀ ನೀರನ್ನು 0.8 ಮೈಕ್ರಾನ್ ಕಪ್ಪು ಫಿಲ್ಟರಿನಲ್ಲಿ ಸೋಸಿ. ಪಂಪ್ ಜೋರಾಗಿ ಎಳೆದರೆ ಜೀವಕೋಶ ಒಡೆಯುತ್ತದೆ, ನಿಧಾನಕ್ಕೆ ಎಳೆಯಿರಿ. ಪಾಚಿ ಜಾಸ್ತಿಯಾಗಿ ಫಿಲ್ಟರ್ ಕಟ್ಟಿಕೊಂಡರೆ ನೀರು ಕಡಿಮೆ ಮಾಡಿ.

ಇದಕ್ಕೂ ಡ್ಯಾಪಿ ಹಾಕಿದರೆ ನೇರಳಾತೀತ ಬೆಳಕಿನಲ್ಲಿ ನ್ಯೂಕ್ಲಿಯಸ್ ನೀಲಿಯಾಗಿ ಹೊಳೆಯುತ್ತದೆ. ಅದೇ ಕೋಶವನ್ನು ನೀಲಿ ಬೆಳಕಿಗೆ ಬದಲಿಸಿ ನೋಡಿ. ಕೆಂಪು ಹೊಳಪು ಬಂದರೆ ಹರಿತ್ತು ಇದೆ, ಬರದಿದ್ದರೆ ನೀವು ಹುಡುಕುತ್ತಿರುವುದು ಅದೇ. ಲ್ಯುಗಾಲ್ ಬಾಟಲಿಯಲ್ಲಿ ಈ ಪರೀಕ್ಷೆ ಆಗುವುದಿಲ್ಲ, ಅಯೋಡಿನ್ ಹೊಳಪನ್ನು ಮುಚ್ಚಿಬಿಡುತ್ತದೆ. ಒಂದು ಎಚ್ಚರಿಕೆ: ಕೆಂಪಾಗಿ ಹೊಳೆಯುವ ಕೆಲವು ಫ್ಲ್ಯಾಜೆಲೇಟ್‌ಗಳೂ ಬ್ಯಾಕ್ಟೀರಿಯಾ ತಿನ್ನುತ್ತವೆ. ಬರೀ ಬಣ್ಣ ನಂಬಿ ತಿನ್ನುವವರ ಪಟ್ಟಿಯಿಂದ ತೆಗೆದುಹಾಕಬೇಡಿ.

ಆಳದ ವಿಷಯ ಮರೆಯಬೇಡಿ. ಬಿಸಿ ನೀರು ಆಮ್ಲಜನಕ ಹಿಡಿದಿಡುವುದೇ ಕಡಿಮೆ, 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಗ್ರಾಂ. ಬಿಸಿ ನೀರು ಮೇಲೆ, ತಂಪು ನೀರು ಕೆಳಗೆ ಬೆರೆಯದೆ ಪದರ ಕಟ್ಟಿದ ಜಲಾಶಯದ ತಳದಲ್ಲಿ ಅದು ಬೇಗ ಮುಗಿಯುತ್ತದೆ. ಆಮ್ಲಜನಕ ಇಳಿಯುವ ಗಡಿಯ ಸುತ್ತ ಸಿಲಿಯೇಟ್‌ಗಳು ಗುಂಪು ಸೇರುವುದುಂಟು. ಮೊದಲು ಆಮ್ಲಜನಕ ಅಳೆಯುವ ಮೀಟರ್ ಇಳಿಸಿ ಆ ಗಡಿ ಹುಡುಕಿ, ಅದರ ಮೇಲೆ ಕೆಳಗೆ ನೀರು ತೆಗೆಯಿರಿ. ರಾತ್ರಿ ಒಮ್ಮೆ ಹೋಗಲು ಆದರೆ ಹೋಗಿ, ಹಗಲು ಕೆಳಗಿರುವ ಕೋಪಿಪಾಡ್ ಮೇಲೆ ಬಂದಿರಬಹುದು.

ಹನಿನೋಟ:
ಫಿಲ್ಟರ್ ಅವತ್ತೇ ನೋಡಲಾಗದಿದ್ದರೆ?

ತಳಜಾಲ:
ಸೋಸಿ, ಸ್ಲೈಡ್ ಮಾಡಿ, ಮೈನಸ್ 20ರಲ್ಲಿ ಇಡಿ. ಬಾಟಲಿಯಲ್ಲೇ ಬಿಟ್ಟರೆ ಎಣಿಕೆ ಇಳಿಯುತ್ತಾ ಹೋಗುತ್ತದೆ.