ತೋಟದಂಚಿನ ನೇರಳೆ ಹೂವಿನ ಕಳೆ: ಇದು ಕನ್ನೆ ಸೊಪ್ಪೇ?

ಪ್ರಶ್ನೆ (ವಿರಾಜಪೇಟೆ ತಾಲ್ಲೂಕಿನ ಬೆಳೆಗಾರ)

ಮಾನ್ಯರೆ, ನಮ್ಮ ರೋಬಸ್ಟಾ ಕಾಫಿ ತೋಟದ ಕೆಳಗಿನ ಅಂಚು ಗದ್ದೆಗೆ ತಾಗಿಕೊಂಡಿದ್ದು, ನಡುವೆ ಒಂದು ತೋಡು ಹರಿಯುತ್ತದೆ. ಆ ತೋಡಿನ ಎರಡೂ ಬದಿಯಲ್ಲಿ, ಮಳೆ ಹಿಡಿದ ಮೇಲೆ, ನೆಲಕ್ಕೆ ಒರಗಿಕೊಂಡು ಹಬ್ಬುವ ಒಂದು ಕಳೆ ಎರಡು ವರ್ಷಗಳಿಂದ ವಿಪರೀತವಾಗಿದೆ. ಎಲೆ ಹುಲ್ಲಿನಂತೆ ಉದ್ದ ಮತ್ತು ಕಿರಿದು. ಹೂವು ಕಿರುಬೆರಳಿನ ಉಗುರಿನಷ್ಟು, ನೇರಳೆ ಬಣ್ಣದ್ದು. ಜೂನ್ ತಿಂಗಳ ಆರಂಭದಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಸಿಂಪಡಿಸಿದಾಗ ಸುತ್ತಲಿನ ಹುಲ್ಲೆಲ್ಲ ಹಳದಿಯಾಗಿ ಸತ್ತಿತು, ಆದರೆ ಇದು ಹತ್ತು ದಿನ ಮಂಕಾಗಿದ್ದು ಮತ್ತೆ ಚಿಗುರಿತು. ತೋಟದ ಕೆಲಸಕ್ಕೆ ಬರುವ ಹೆಂಗಸರು ಇದನ್ನು ಕನ್ನೆ ಸೊಪ್ಪು ಎನ್ನುತ್ತಾರೆ, ಬೆರಕೆ ಸೊಪ್ಪಿನ ಸಾರಿಗೆ ಹಾಕಬಹುದೆಂದೂ ಹೇಳುತ್ತಾರೆ. ಆದರೆ ನನ್ನ ತಾಯಿಯವರು ನೋಡಿ, ಕನ್ನೆಯ ಎಲೆ ಇಷ್ಟು ಸಣ್ಣದಲ್ಲ, ಹೂವೂ ಈ ಬಣ್ಣದ್ದಲ್ಲ ಎಂದರು. ಇದು ಯಾವ ಗಿಡ, ಮತ್ತು ಇದನ್ನು ಹತೋಟಿಗೆ ತರುವುದು ಹೇಗೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಡಿಕೇರಿ, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ)

ತಮ್ಮ ತಾಯಿಯವರ ಕಣ್ಣು ಸರಿಯಾಗಿಯೇ ಇದೆ. ತಾವು ವರ್ಣಿಸಿರುವುದು ಕನ್ನೆಯ ಕುಟುಂಬಕ್ಕೇ ಸೇರಿದ, ಆದರೆ ಬೇರೆಯದೇ ಆದ ಮುರ್ಡಾನಿಯ ಎಂಬ ಕುಲದ ಗಿಡ. ಲಕ್ಷಣಗಳನ್ನು ನೋಡಿದರೆ ಬಹುಮಟ್ಟಿಗೆ ಮುರ್ಡಾನಿಯ ನ್ಯೂಡಿಫ್ಲೋರ. ಕನ್ನೆ ಸೊಪ್ಪು ಎಂದು ನಾವು ಕರೆಯುವುದು ಕಾಮೆಲಿನ ಬೆಂಗಾಲೆನ್ಸಿಸ್ ಎಂಬುದನ್ನು.

ಇವೆರಡನ್ನೂ ಬೇರ್ಪಡಿಸಲು ಎಲೆಗಿಂತ ಹೂವಿನ ಬುಡವನ್ನು ನೋಡುವುದು ಒಳ್ಳೆಯದು. ಕನ್ನೆಯಲ್ಲಿ ಹೂವು ಹೊರಬರುವುದು ದೊನ್ನೆಯಂತೆ ಮಡಿಚಿಕೊಂಡ ಒಂದು ಹಸಿರು ಪೊರೆಯೊಳಗಿನಿಂದ. ಆ ದೊನ್ನೆಯನ್ನು ಹಿಚುಕಿದರೆ ಲೋಳೆಯಂಥ ನೀರು ಬೆರಳಿಗೆ ಅಂಟುತ್ತದೆ. ಮುರ್ಡಾನಿಯಕ್ಕೆ ಆ ದೊನ್ನೆಯೇ ಇಲ್ಲ, ಹೂಗಳು ತೆಳ್ಳನೆಯ ಕಡ್ಡಿಯ ಮೇಲೆ ಬಯಲಾಗಿ ನಿಂತಿರುತ್ತವೆ. ನ್ಯೂಡಿಫ್ಲೋರ ಎಂದರೆ ಬರಿಹೂವಿನದು ಎಂದೇ ಅರ್ಥ. ಇನ್ನು ಎಸಳುಗಳು: ಕನ್ನೆಯಲ್ಲಿ ಮೇಲಿನ ಎರಡು ನೀಲಿ ಎಸಳು ಅಗಲವಾಗಿದ್ದು, ಕೆಳಗಿನ ಮೂರನೆಯದು ಚಿಕ್ಕದಾಗಿ ಬಿಳಚಿಕೊಂಡಿರುತ್ತದೆ, ಮುರ್ಡಾನಿಯದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಅಳತೆಯವು. ನ್ಯೂಡಿಫ್ಲೋರದ ಹೂವಿನಲ್ಲಿ ಪರಾಗ ಕೊಡುವ ಕೇಸರಗಳು ಎರಡೇ, ಉಳಿದವು ಬರಡು. ಕನ್ನೆಯ ಎಲೆ ಅಂಡಾಕಾರದ್ದು, ಅದು ಕಾಂಡವನ್ನು ಸುತ್ತುವ ಕಡೆಯಲ್ಲಿ ಕೆಂಚು ರೋಮಗಳಿರುತ್ತವೆ ಎಂಬುದನ್ನೂ ಗಮನಿಸಿ. ಬೆಟ್ಟದ ಬಂಡೆಗಳ ತೆಳುಮಣ್ಣಿನಲ್ಲಿ ಕೇಸರಕ್ಕೆಲ್ಲ ನೀಲಿ ನವಿರು ಕಟ್ಟಿಕೊಂಡು ಅರಳುವ ಸಯಾನೋಟಿಸ್ ಕೂಡ ಇದೇ ಬಳಗದ್ದು, ಆದರೆ ಅದು ತಮ್ಮ ತೋಡಿನ ಬದಿಯ ಸಮಸ್ಯೆಯಲ್ಲ.

ಹೂವನ್ನು ಬೆಳಿಗ್ಗೆಯೇ ನೋಡಬೇಕು. ಈ ಬಳಗದ ಹೂಗಳು ಬಹಳ ಹೊತ್ತು ಬಾಳುವುದಿಲ್ಲ. ಎಸಳುಗಳು ಒಣಗಿ ಉದುರದೆ ಕರಗಿದಂತಾಗಿ ಮುದುಡುತ್ತವೆ. ಆದ್ದರಿಂದ ಕಿತ್ತು ಪುಸ್ತಕದ ನಡುವೆ ಇಟ್ಟು ಸಂಜೆ ಪರೀಕ್ಷಿಸುವ ಯೋಚನೆ ಫಲಿಸದು.

ಉತ್ತರ 2 (ಸೋಮವಾರಪೇಟೆ ಕಡೆಯ ಬೆಳೆಗಾರ)

ಮೇಲಿನವರು ಹೆಸರನ್ನು ಹೇಳಿದ್ದಾರೆ, ನಾನು ಹತೋಟಿಯ ವಿಚಾರವಷ್ಟೇ ಹೇಳುತ್ತೇನೆ. ಗ್ಲೈಫೋಸೇಟನ್ನು ತಡೆದುಕೊಳ್ಳುವ ಶಕ್ತಿ ಕನ್ನೆಗೂ ಇದೆ, ಈ ಗಿಡಕ್ಕೂ ಇದೆ. ಒಂದೇ ಔಷಧಿಯನ್ನು ವರ್ಷವರ್ಷ ಹೊಡೆದಾಗ ಅದಕ್ಕೆ ಬಗ್ಗುವ ಹುಲ್ಲುಗಳು ಹೋಗಿ, ಬಗ್ಗದ ಈ ಎರಡಕ್ಕೆ ಜಾಗ ತೆರವಾಗುತ್ತದೆ. ತಮ್ಮಲ್ಲಿ ಎರಡು ವರ್ಷಗಳಿಂದ ಹೆಚ್ಚಿದ್ದಕ್ಕೆ ಅದೇ ಕಾರಣವಿರಬಹುದೆಂದು ನನ್ನ ಅನಿಸಿಕೆ. ಪ್ರಮಾಣವನ್ನು ಏರಿಸಿ ಮತ್ತೆ ಸಿಂಪಡಿಸುವ ತಪ್ಪನ್ನು ನಾನು ಮಾಡಿ ನೋಡಿದ್ದೇನೆ. ಕಳೆ ಉಳಿಯಿತು, ಹಣ ಹೋಯಿತು, ಮೇಲಾಗಿ ಪಕ್ಕದ ಎಳೆಯ ಕಾಫಿ ಗಿಡಗಳ ಚಿಗುರು ಮುರುಟಿತು.

ಯಂತ್ರದಿಂದ ಕೊಚ್ಚಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ನೆಲಕ್ಕೆ ತಾಗಿದ ಪ್ರತಿ ಗೆಣ್ಣಿನಲ್ಲೂ ಇದು ಬೇರು ಬಿಡುತ್ತದೆ, ಮತ್ತು ಯಂತ್ರವು ಒಂದು ಬಳ್ಳಿಯನ್ನು ಇಪ್ಪತ್ತು ತುಂಡು ಮಾಡಿ ನಾಲ್ಕು ದಿಕ್ಕಿಗೆ ಎಸೆಯುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಆ ತುಂಡುಗಳು ಒಣಗುವ ಮಾತೇ ಇಲ್ಲ. ನಾವು ಮಾಡುವುದು ಇಷ್ಟೆ: ಮಳೆ ಬಿಡುವು ಕೊಟ್ಟಾಗ, ಮಣ್ಣು ಇನ್ನೂ ಮೆತ್ತಗಿರುವಾಗ, ಕಾಯಿ ಕಟ್ಟುವ ಮೊದಲೇ ಬೇರುಸಹಿತ ಕೈಯಿಂದ ಕೀಳಿಸಿ, ತೋಟದೊಳಗೆ ಬಿಡದೆ ಗೋಣಿಚೀಲದಲ್ಲಿ ಹೊರಗೆ ಸಾಗಿಸಿ, ಸಿಮೆಂಟಿನ ಕಣದ ಮೂಲೆಯಲ್ಲಿ ರಾಶಿ ಹಾಕಿ ಹಳೆಯ ಟಾರ್ಪಾಲು ಮುಚ್ಚುತ್ತೇವೆ. ಕೂಲಿಯ ಖರ್ಚು ಕಡಿಮೆಯೇನಲ್ಲ, ಎರಡನೆಯ ಸುತ್ತು ಕೀಳಿಸುವುದೂ ತಪ್ಪುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಆತುರ ಬೇಡ. ಕಾಫಿ ಗಿಡದ ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಇರುವುದರಿಂದ ಬುಡದ ಸುತ್ತ ಈ ಕಳೆ ಇರಕೂಡದು, ನಿಜ. ಆದರೆ ಇಳಿಜಾರಿನ ತೋಡಿನ ಬದಿಯನ್ನು ಮಳೆಗಾಲದ ನಡುವೆ ಬೋಳು ಮಾಡಿದರೆ ಮಣ್ಣು ಗದ್ದೆಗೆ ಇಳಿಯುತ್ತದೆ. ಅಲ್ಲಿ ಹೂವಾಗುವಷ್ಟರಲ್ಲಿ ಮೇಲಿನಿಂದ ಸವರಿ, ಬೇರನ್ನು ಮಣ್ಣು ಹಿಡಿದುಕೊಳ್ಳಲು ಬಿಡುವುದೇ ಲೇಸು.

ಪ್ರಶ್ನೆ ಕೇಳಿದವರ ಮರುನುಡಿ

ಇಬ್ಬರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನೋಡಿದೆ. ತೋಡಿನ ಬದಿಯಲ್ಲಿರುವುದರಲ್ಲಿ ದೊನ್ನೆಯಿಲ್ಲ, ಎಸಳು ಮೂರೂ ಸಮ. ಆದರೆ ಮೇಲಿನ ಮೆಣಸಿನ ಬಳ್ಳಿಗಳ ಬುಡದಲ್ಲಿ ದೊನ್ನೆಯಿರುವುದೂ ಸಿಕ್ಕಿತು, ಅಂದರೆ ಎರಡೂ ಇವೆ. ಅದನ್ನು ಕಿತ್ತಾಗ ಬೇರಿನ ನಡುವೆ ಬಿಳಿಯ ಮೊಗ್ಗಿನಂಥವು ಕಂಡವು, ಅವೇನು? ಮುರ್ಡಾನಿಯ ಎಂಬ ಹೆಸರು ಎಲ್ಲಿಯದು ಎಂಬ ಕುತೂಹಲವೂ ಇದೆ.

ಉತ್ತರ 3 (ನಿವೃತ್ತ ಅಧ್ಯಾಪಕ, ಮತ್ತೊಮ್ಮೆ)

ಮಣ್ಣಿನೊಳಗೆ ಕಂಡದ್ದು ಕನ್ನೆಯ ನೆಲದಡಿಯ ಹೂಗಳು. ಅವು ಅರಳುವುದೇ ಇಲ್ಲ. ಮುಚ್ಚಿಕೊಂಡಿರುವಾಗಲೇ ತಮ್ಮದೇ ಪರಾಗದಿಂದ ಬೀಜ ಕಟ್ಟುತ್ತವೆ. ಮೇಲಿನ ಗಿಡವನ್ನು ಸವರಿದರೂ ಕನ್ನೆ ಮರಳಿ ಬರುವುದಕ್ಕೆ ಇದೊಂದು ಕಾರಣ, ಆದ್ದರಿಂದ ಮೆಣಸಿನ ಬುಡದಲ್ಲಿ ಕೀಳಿಸುವಾಗ ಬೇರನ್ನು ಬಿಡಿಸಿ ತೆಗೆಯಲು ಹೇಳಿ.

ಹೆಸರಿನ ಕತೆ ನನಗೆ ಬಹಳ ಇಷ್ಟವಾದದ್ದು. ಸಹಾರನ್‌ಪುರದ ಸಸ್ಯೋದ್ಯಾನದಲ್ಲಿ ಗಿಡಗಳನ್ನು ಸಂಗ್ರಹಿಸುತ್ತ, ಒಣಗಿಸಿದ ಮಾದರಿಗಳ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಮುರ್ದಾನ್ ಅಲಿ ಎಂಬವರ ನೆನಪಿಗೆ, ಆ ಉದ್ಯಾನದ ಮೇಲ್ವಿಚಾರಕರಾಗಿದ್ದ ಜಾನ್ ಫೋರ್ಬ್ಸ್ ರಾಯ್ಲ್ ಅವರು 1840ರಲ್ಲಿ ಈ ಕುಲಕ್ಕೆ ಆ ಹೆಸರನ್ನಿಟ್ಟರು. ಗಿಡ ಹುಡುಕಿ ತಂದವರ ಹೆಸರು ಕಡತದಲ್ಲೂ ಉಳಿಯದಿದ್ದ ಆ ಕಾಲದಲ್ಲಿ ಭಾರತೀಯ ಉದ್ಯೋಗಿಯೊಬ್ಬರ ಹೆಸರು ಇಡೀ ಕುಲಕ್ಕೆ ಸಂದದ್ದು ಅಪರೂಪವೇ. ಹಾಗೆಂದು ತಮ್ಮ ತೋಡಿನ ಗಿಡ ಅಂದೇ ಆ ಹೆಸರನ್ನು ಪಡೆಯಲಿಲ್ಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಅದನ್ನು ಕಾಮೆಲಿನ ಎಂದೇ ಬರೆದಿದ್ದರು, ಅಂದರೆ ತಮ್ಮ ಕೆಲಸದ ಹೆಂಗಸರು ಮಾಡಿದ ಗುರುತನ್ನೇ ಅವರೂ ಮಾಡಿದ್ದರು. ಬ್ರೆನನ್ ಎಂಬ ಸಸ್ಯವಿಜ್ಞಾನಿ ಅದನ್ನು ಮುರ್ಡಾನಿಯಕ್ಕೆ ಸೇರಿಸಿದ್ದು 1952ರಲ್ಲಿ.

ಉತ್ತರ 4 (ಪೊನ್ನಂಪೇಟೆ, ಗೃಹಿಣಿ)

ಅಡುಗೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಕನ್ನೆಯ ಎಳೆಯ ಕುಡಿಗಳನ್ನು ಬೇರೆ ಸೊಪ್ಪುಗಳ ಜೊತೆ ಬೇಯಿಸುತ್ತೇವೆ, ಅಗಲ ಎಲೆಯದನ್ನು ಮಾತ್ರ. ಈ ಹುಲ್ಲೆಲೆಯದನ್ನು ಹಸುವಿಗೆ ಹಾಕುತ್ತೇವೆ. ಆದರೆ ತಾವು ಜೂನ್‌ನಲ್ಲಿ ಔಷಧಿ ಹೊಡೆದ ಜಾಗದ್ದು ಯಾವುದೇ ಆಗಲಿ, ಈ ವರ್ಷ ಒಲೆಗೂ ಬೇಡ, ಕೊಟ್ಟಿಗೆಗೂ ಬೇಡ. ಗಿಡ ಚಿಗುರಿತೆಂದು ಔಷಧಿ ಹೋಯಿತೆಂದು ತಿಳಿಯುವಂತಿಲ್ಲ, ಕೆಲಸದವರಿಗೂ ಇದನ್ನು ಇಂದೇ ಹೇಳಿಬಿಡಿ.